ಆಫೀಸಿನ ಸೆಕ್ಯುರಿಟಿ ಪಾಲಿಸಿ: ಟೆಂಪ್ಲೇಟಾ, ನಾವೇ ಬರೆಯೋದಾ, ಐಎಸ್ಒನಾ, ಇಲ್ಲ ಸಾಫ್ಟ್‌ವೇರಾ?

ಈಗೀಗ ಒಂದೇ ಪ್ರಶ್ನೆ ನಾಲ್ಕು ಕಡೆಯಿಂದ ಬರ್ತಿದೆ. ಆಡಿಟರ್ ಆಫೀಸ್ ನಡೆಸೋರು ಕೇಳ್ತಾರೆ, ಪೀಣ್ಯದಲ್ಲಿ ಸಣ್ಣ ಫ್ಯಾಕ್ಟರಿ ಇರೋರು ಕೇಳ್ತಾರೆ, ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಮೂವತ್ತು ನಲವತ್ತು ಜನ ಇಟ್ಕೊಂಡು ಸಾಫ್ಟ್‌ವೇರ್ ಮಾಡೋರು ಕೇಳ್ತಾರೆ, ದಾವಣಗೆರೆ ಕಡೆ ನರ್ಸಿಂಗ್ ಹೋಮ್ ಇಟ್ಕೊಂಡಿರೋ ಡಾಕ್ಟ್ರೂ ಕೇಳ್ತಾರೆ. ನಮ್ಗೊಂದು ಇನ್ಫರ್ಮೇಶನ್ ಸೆಕ್ಯುರಿಟಿ ಪಾಲಿಸಿ ಬೇಕು, ಅಂದ್ರೆ ಆಫೀಸಿನ ಮಾಹಿತಿ ಹೇಗೆ ಕಾಪಾಡ್ಬೇಕು ಅನ್ನೋ ಲಿಖಿತ ನಿಯಮ, ನೆಟ್ಟಿಂದ ಟೆಂಪ್ಲೇಟ್ ಇಳಿಸ್ಕೊಂಡ್ರೆ ಸಾಕಾ, ನಾವೇ ಕೂತು ಬರೀಬೇಕಾ, ಕನ್ಸಲ್ಟೆಂಟ್ ಹಿಡಿದು ಐಎಸ್ಒ (ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್‌ನ ಸರ್ಟಿಫಿಕೇಟ್) ಮಾಡಿಸ್ಬೇಕಾ, ಇಲ್ಲಾ ನಿಯಮ ಪಾಲನೆ ಆಗ್ತಿದೆಯಾ ಅಂತ ನೋಡೋ ಆ ಕಂಪ್ಲಯನ್ಸ್ ಸಾಫ್ಟ್‌ವೇರ್‌ನವ್ರು ವಾರಕ್ಕೊಂದ್ಸಲ ಫೋನ್ ಮಾಡ್ತಾರಲ್ಲ, ಅದನ್ನೇ ತಗೊಂಡ್ಬಿಡ್ಲಾ ಅಂತ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ನೀವು ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು. ಪಾಲಿಸಿಯಲ್ಲಿ ಬರೆದ ಒಂದೊಂದು ಸಾಲಿಗೂ ಖರ್ಚಿದೆ. ಬರೆಯೋಕಲ್ಲ, ನಡೆಸ್ಕೊಂಡು ಹೋಗೋಕೆ. "ಎಲ್ಲಾ ಲಾಗ್‌ಗಳನ್ನ ಪ್ರತಿದಿನ ಪರಿಶೀಲಿಸಲಾಗುವುದು" ಅಂತ (ಲಾಗ್ ಅಂದ್ರೆ ಕಂಪ್ಯೂಟರಲ್ಲಿ ಯಾರು ಯಾವಾಗ ಏನ್ ಮಾಡಿದ್ರು ಅನ್ನೋ ದಾಖಲೆ) ಬರೆಯೋಕೆ ಹತ್ತು ಸೆಕೆಂಡ್ ಸಾಕು, ಆದ್ರೆ ಅದನ್ನ ನಿಜವಾಗ್ಲೂ ಮಾಡೋಕೆ ಒಬ್ಬ ಮನುಷ್ಯ ಬೇಕು, ಅವನಿಗೆ ಸಂಬಳ ಬೇಕು, ಅವನು ರಜ ಹಾಕಿದ ದಿನ ಇನ್ನೊಬ್ಬ ಬೇಕು. ಬರೆದು ಮಾಡ್ದೇ ಇರೋದು ಬರೀದೇ ಇರೋದಕ್ಕಿಂತ ಕೆಟ್ಟದ್ದು, ಯಾಕಂದ್ರೆ ಏನಾದ್ರೂ ಎಡವಟ್ಟಾದಾಗ ಆಡಿಟರ್ ಆಗ್ಲಿ ಕ್ಲೈಂಟಿನ ವಕೀಲರಾಗ್ಲಿ ನಿಮ್ಮದೇ ಪಾಲಿಸಿ ತೆಗೆದು ನಿಮ್ಮ ಮುಂದೇನೇ ಹಿಡೀತಾರೆ. ಹಾಗಾಗಿ ಯಾವ ದಾರಿ ಹಿಡಿದ್ರೂ ಕೊಳ್ಳೋ ಬೆಲೆ ಅಷ್ಟು ಮುಖ್ಯ ಅಲ್ಲ, ನಡೆಸೋ ಬೆಲೆ ಎಷ್ಟು ಅಂತ ನೋಡಿ.

ಆರಿಸೋಕೆ ಮುಂಚೆ ನೋಡ್ಬೇಕಾದ್ದು

ಮೊದಲನೇದು, ಪಾಲಿಸಿ ಕೇಳ್ತಿರೋದು ಯಾರು? ಕ್ಲೈಂಟ್ ಒಂದು ಎಕ್ಸೆಲ್ ಶೀಟ್ ಕಳಿಸಿ ಇನ್ನೂರು ಪ್ರಶ್ನೆ ಕೇಳಿದಾನಾ, ಟೆಂಡರ್‌ನಲ್ಲಿ ಸರ್ಟಿಫಿಕೇಟ್ ಕಡ್ಡಾಯ ಅಂತ ಇದೆಯಾ, ಅಥವಾ ಪಕ್ಕದ ಆಫೀಸಿನ ಸರ್ವರ್ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ರ‍್ಯಾನ್ಸಮ್‌ವೇರ್‌ಗೆ ಬಲಿಯಾಯ್ತು ಅಂತ ಕೇಳಿ ನಿಮಗೇ ಹೆದರಿಕೆ ಆಗಿದೆಯಾ? ಮೂರಕ್ಕೂ ಮದ್ದು ಬೇರೆ. ಹೊರಗಿನೋರು ಕೇಳಿದ್ರೆ ಅವರು ಏನನ್ನ ಪುರಾವೆ ಅಂತ ಒಪ್ತಾರೋ ಅದೇ ಬೇಕು. ನಿಮಗೋಸ್ಕರ ಆದ್ರೆ ಯಾವ ಸೀಲೂ ಬೇಡ.

ಎರಡನೇದು, ನಿಮ್ಮ ಹತ್ರ ಇರೋದು ಯಾರ ಮಾಹಿತಿ? ಫ್ಯಾಕ್ಟರಿಯಲ್ಲಿ ಇರೋದು ಕಸ್ಟಮರ್ ಕೊಟ್ಟ ಡ್ರಾಯಿಂಗು, ಆಡಿಟರ್ ಹತ್ರ ನೂರಾರು ಜನರ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟು, ನರ್ಸಿಂಗ್ ಹೋಮಲ್ಲಿ ರೋಗಿಗಳ ರಿಪೋರ್ಟು. ಇನ್ನೊಬ್ಬರ ವೈಯಕ್ತಿಕ ಮಾಹಿತಿ ಜಾಸ್ತಿ ಇದ್ದಷ್ಟೂ ಕಾನೂನಿನ ಭಾರ ಜಾಸ್ತಿ.

ಮೂರನೇದು ಎಲ್ರೂ ಮರೆಯೋದು: ಇದನ್ನ ನೋಡ್ಕೊಳ್ಳೋರು ಯಾರು? ಹೆಸರು ಹಿಡಿದು ಹೇಳೋಕಾಗ್ಬೇಕು. "ಐಟಿ ಟೀಮ್" ಅನ್ನೋದು ಉತ್ತರ ಅಲ್ಲ, ಬಹಳಷ್ಟು ಕಡೆ ಐಟಿ ಟೀಮ್ ಅಂದ್ರೆ ತಿಂಗಳಿಗೊಂದ್ಸಲ ಬಂದು ಪ್ರಿಂಟರ್ ಸರಿ ಮಾಡಿ ಹೋಗೋ ಹುಡುಗ.

ನಾಲ್ಕನೇದು ಓದೋರು ಯಾರು. ಶಾಪ್ ಫ್ಲೋರ್‌ನಲ್ಲಿ ಇರೋರು, ರಿಸೆಪ್ಷನ್‌ನಲ್ಲಿ ಕೂತಿರೋರು, ಗೇಟಲ್ಲಿ ಸೆಕ್ಯುರಿಟಿ, ಇವರೆಲ್ಲ ನಲವತ್ತು ಪುಟದ ಇಂಗ್ಲಿಷ್ ಓದ್ತಾರಾ? ಓದಲ್ಲ ಅಂದ್ರೆ ಅವರಿಗೆ ಅರ್ಧ ಪುಟದ ಕನ್ನಡದ ಹಾಳೆ ಬೇಕೇ ಬೇಕು, ಅದು ಯಾವ ಪ್ಯಾಕೇಜಲ್ಲೂ ಬರಲ್ಲ.

ಐದನೇದು ದುಡ್ಡು. ಮೊದಲ ವರ್ಷದ್ದು ಬೇರೆ, ಪ್ರತಿ ವರ್ಷದ್ದು ಬೇರೆ, ಎರಡೂ ಪಕ್ಕಪಕ್ಕ ಬರ‍್ಕೊಳ್ಳಿ.

ಯಾವ ದಾರಿ ಹಿಡಿದ್ರೂ ಬಿಡದ ಕಾನೂನು

ಇದನ್ನ ಬೇಗ ಹೇಳ್ಬಿಡ್ತೀನಿ, ಯಾಕಂದ್ರೆ ಇದು ಆಯ್ಕೆ ಅಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ಕ್ಕೆ ಹೊರಡಿಸಿದ ನಿರ್ದೇಶನದ ಪ್ರಕಾರ ಪಟ್ಟಿಯಲ್ಲಿರೋ ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸ್ಬೇಕು, ಸಿಸ್ಟಮ್ ಲಾಗ್‌ಗಳನ್ನ 180 ದಿನ ಇಟ್ಟಿರ್ಬೇಕು. ಇದು ದೊಡ್ಡ ಕಂಪನಿಗಳಿಗೆ ಮಾತ್ರ ಅಂತ ಅಂದ್ಕೊಂಡಿರೋರು ಬಹಳ ಜನ. ಹಾಗೇನಿಲ್ಲ, ಸಣ್ಣ ಉದ್ಯಮಗಳಿಗೆ 2022ರ ಸೆಪ್ಟೆಂಬರ್ 25ರವರೆಗೆ ಸ್ವಲ್ಪ ಟೈಮ್ ಜಾಸ್ತಿ ಕೊಟ್ಟಿದ್ರು ಅಷ್ಟೇ.

ಇನ್ನೊಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಎಲ್ರೂ ಡಿಪಿಡಿಪಿ ಅಂತಾರೆ. ಅದರ ನಿಯಮಗಳು 2025ರ ನವೆಂಬರಲ್ಲಿ ಬಂದ್ವು, ಮುಖ್ಯ ಜವಾಬ್ದಾರಿಗಳಿಗೆ 18 ತಿಂಗಳು ಗಡುವು, ಅಂದ್ರೆ 2027ರ ಮೇ ಹೊತ್ತಿಗೆ ತಯಾರಿರ್ಬೇಕು. ಸರಿಯಾದ ಭದ್ರತೆ ಇಡದೆ ಡೇಟಾ ಸೋರಿದ್ರೆ ದಂಡ 250 ಕೋಟಿವರೆಗೂ ಹೋಗಬಹುದು. ಹನ್ನೆರಡು ಜನರ ಆಫೀಸಿಗೆ ಅಷ್ಟು ಹಾಕ್ತಾರೆ ಅಂತ ಹೆದರಿಸೋಕೆ ಹೇಳ್ತಿಲ್ಲ, ಅದು ಗರಿಷ್ಠ ಮಿತಿ. ಆದ್ರೆ ಎನ್‌ಕ್ರಿಪ್ಷನ್ (ಬೇರೆಯೋರಿಗೆ ಓದೋಕೆ ಆಗದ ಹಾಗೆ ಡೇಟಾನ ಗೂಢಲಿಪಿ ಮಾಡೋದು), ಯಾರಿಗೆ ಎಷ್ಟು ಆ್ಯಕ್ಸೆಸ್, ಬ್ಯಾಕಪ್, ಒಂದು ವರ್ಷದ ಲಾಗ್, ನಿಮ್ಮ ಪರವಾಗಿ ಡೇಟಾ ನೋಡೋ ವೆಂಡರ್ ಜೊತೆ ಕರಾರು, ಇಷ್ಟೂ ಆ ನಿಯಮಗಳಲ್ಲೇ ಇದೆ, ಹಾಗಾಗಿ ಪಾಲಿಸಿಯಲ್ಲಿ ಇವುಗಳ ಬಗ್ಗೆ ಒಂದೊಂದು ಸಾಲಾದ್ರೂ ಇರ್ಲೇಬೇಕು. ಸೋರಿಕೆ ಆದ್ರೆ ಸಂಬಂಧಪಟ್ಟ ಜನರಿಗೂ ಡೇಟಾ ಪ್ರೊಟೆಕ್ಷನ್ ಬೋರ್ಡ್‌ಗೂ ತಡಮಾಡದೆ ತಿಳಿಸ್ಬೇಕು, ಬೋರ್ಡ್‌ಗೆ ಪೂರ್ತಿ ವಿವರ 72 ಗಂಟೆಯೊಳಗೆ.

ಫ್ರೀ ಟೆಂಪ್ಲೇಟ್

ಸೈಬರ್ ಭದ್ರತೆ ತರಬೇತಿ ಕೊಡೋ ಸ್ಯಾನ್ಸ್ ಸಂಸ್ಥೆಯವರದ್ದು ಸಿಗತ್ತೆ, ಅದಕ್ಕೆ ಮಾರ್ಗಸೂಚಿ ಮಾಡೋ ಸಿಐಎಸ್‌ನವರದ್ದು ಸಿಗತ್ತೆ, ಎರಡೂ ಫ್ರೀ, ಎರಡೂ ಕೆಟ್ಟದ್ದೇನಲ್ಲ. ಮಧ್ಯಾಹ್ನ ಇಳಿಸ್ಕೊಂಡ್ರೆ ಸಂಜೆಗೆ ಪಾಲಿಸಿ ರೆಡಿ. ತೊಂದರೆ ಇರೋದು ಇಲ್ಲೇ. ನಮ್ಮಲ್ಲಿ ಬಾಡಿಗೆ ಮನೆ ಅಗ್ರಿಮೆಂಟ್ ಮಾಡಿಸ್ತೀವಲ್ಲ, ಟೈಪಿಂಗ್ ಅಂಗಡಿಯೋನು ಹಳೇ ಫೈಲ್ ತೆಗೆದು ಹೆಸರು ಬಾಡಿಗೆ ಬದಲಾಯಿಸಿ ಕೊಡ್ತಾನೆ, ಇಬ್ಬರೂ ಓದದೆ ಸೈನ್ ಹಾಕ್ತೀವಿ, ಜಗಳ ಆದ್ಮೇಲೆ ಮೊದಲನೇ ಸಲ ಓದ್ತೀವಿ. ಟೆಂಪ್ಲೇಟ್ ಪಾಲಿಸಿ ಪಕ್ಕಾ ಅದೇ. ಮೂರನೇ ಪುಟದಲ್ಲಿ "ಕಂಪನಿ ಹೆಸರು ಇಲ್ಲಿ ಹಾಕಿ" ಅಂತ ಹಾಗೇ ಉಳಿದಿರತ್ತೆ, ಇಲ್ಲದೇ ಇರೋ ಇನ್ಫರ್ಮೇಶನ್ ಸೆಕ್ಯುರಿಟಿ ಡಿಪಾರ್ಟ್‌ಮೆಂಟಿಗೆ ಹತ್ತು ಕೆಲಸ ವಹಿಸಿರತ್ತೆ, ಅಮೆರಿಕದ ಆಸ್ಪತ್ರೆ ಕಾನೂನಿನ ಹೆಸರು ನುಸುಳಿರತ್ತೆ, ಆದ್ರೆ ನಮಗೆ ಬೇಕಾದ 6 ಗಂಟೆಯ ಸರ್ಟ್-ಇನ್ ವಿಷಯ ಎಲ್ಲೂ ಇರಲ್ಲ.

ಹಾಗಂತ ಬೇಡವೇ ಬೇಡ ಅಂತಲ್ಲ. ಹೆಡಿಂಗ್‌ಗಳಿಗೋಸ್ಕರ ತಗೊಳ್ಳಿ. ಏನಾದ್ರೂ ಮರೆತಿದೀವಾ ಅಂತ ತಾಳೆ ನೋಡೋಕೆ ಬಹಳ ಒಳ್ಳೇದು. ಕ್ಲೈಂಟ್ ಶುಕ್ರವಾರ ಸಂಜೆ ಪಾಲಿಸಿ ಕೇಳಿ ಸೋಮವಾರಕ್ಕೆ ಬೇಕು ಅಂದ್ರೆ ಬೇರೆ ದಾರೀನೂ ಇಲ್ಲ, ಆದ್ರೆ ಕಳಿಸೋಕೆ ಮುಂಚೆ ಒಂದು ಕೆಲಸ ಮಾಡಿ: ಪ್ರತಿ ಸಾಲಿನ ಪಕ್ಕ "ಇದನ್ನ ಮಾಡ್ತಿರೋರು ಯಾರು" ಅಂತ ಒಂದು ಹೆಸರು ಬರೀರಿ. ಹೆಸರು ಬರೆಯೋಕೆ ಆಗದ ಸಾಲನ್ನ ಹೊಡೆದು ಹಾಕಿ. ನಲವತ್ತು ಪುಟ ಎಂಟಕ್ಕೆ ಬಂದ್ರೆ ಆಶ್ಚರ್ಯ ಪಡ್ಬೇಡಿ.

ನಾವೇ ಕೂತು ಬರೆಯೋದು

ನನ್ನ ಕೇಳಿದ್ರೆ ಐವತ್ತು ಜನದೊಳಗಿನ ಆಫೀಸಿಗೆ, ಸರ್ಟಿಫಿಕೇಟ್ ಒತ್ತಡ ಇಲ್ಲ ಅಂದ್ರೆ, ಇದೇ ಸರಿ. ನಾಲ್ಕೈದು ಪುಟ ಸಾಕು. ಶುರು ಮಾಡೋಕೆ ಖಾಲಿ ಹಾಳೆ ಬೇಕಾಗಿಲ್ಲ, ಸಿಐಎಸ್ ಕಂಟ್ರೋಲ್ಸ್ ಎಂಟನೇ ಆವೃತ್ತಿಯಲ್ಲಿ ಒಟ್ಟು 18 ಕಂಟ್ರೋಲ್ (ಭದ್ರತಾ ಕ್ರಮಗಳ ವಿಭಾಗ), 153 ಸೇಫ್‌ಗಾರ್ಡ್ (ಒಂದೊಂದು ಬಿಡಿ ಕ್ರಮ) ಇವೆ, ಅದರಲ್ಲಿ ಮೊದಲನೇ ಗುಂಪು ಅಂದ್ರೆ ಐಜಿ1, ಅದು 56 ಮಾತ್ರ, ಸಣ್ಣ ಸಂಸ್ಥೆಗಳಿಗೆ ಅಂತಲೇ ಮಾಡಿದ್ದು. ಅದೂ ಜಾಸ್ತಿ ಅನ್ಸಿದ್ರೆ ಸರ್ಟ್-ಇನ್ 2025ರಲ್ಲಿ ಎಂಎಸ್‌ಎಂಇಗಳಿಗೆ ಅಂತ 15 ಮೂಲ ನಿಯಂತ್ರಣಗಳ ಪಟ್ಟಿ ಬಿಟ್ಟಿದೆ, ಅಲ್ಲಿಂದ ಶುರು ಮಾಡಿ.

ಇಲ್ಲಿ ಸಿಗೋ ಲಾಭ ಏನಂದ್ರೆ ನಿಮ್ಮ ಆಫೀಸಲ್ಲಿ ಮಾತ್ರ ಇರೋ ಅಪಾಯ ಪಾಲಿಸಿಗೆ ಬರತ್ತೆ. ಆಡಿಟರ್ ಆಫೀಸನ್ನೇ ತಗೊಳ್ಳಿ. ಒಂದು ಡ್ರಾಯರ್ ಇರತ್ತೆ, ಅದರಲ್ಲಿ ಕ್ಲೈಂಟ್‌ಗಳ ಡಿಜಿಟಲ್ ಸಿಗ್ನೇಚರ್ ಟೋಕನ್‌ಗಳು, ಪೆನ್‌ಡ್ರೈವ್ ಥರದ್ದು, ಒಂದೊಂದಕ್ಕೂ ಬಿಳಿ ಸ್ಟಿಕ್ಕರ್ ಅಂಟಿಸಿ ಡೈರೆಕ್ಟರ್ ಹೆಸರು ಬರೆದಿರ್ತಾರೆ, ಎಷ್ಟೋ ಕಡೆ ಅದೇ ಸ್ಟಿಕ್ಕರ್ ಮೇಲೆ ಪಿನ್ ಕೂಡ ಇರತ್ತೆ. ಡ್ರಾಯರ್‌ಗೆ ಬೀಗ ಇದೆ, ಬೀಗದ ಕೈ ಅದರಲ್ಲೇ ನೇತಾಡ್ತಿರತ್ತೆ. ಆ ಟೋಕನ್ ಇದ್ದೋನು ಆ ಡೈರೆಕ್ಟರ್ ಹೆಸರಲ್ಲಿ ಕಾಗದಕ್ಕೆ ಸಹಿ ಹಾಕಿದ ಹಾಗೇನೇ. ಇನ್ನು ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಪಾಸ್‌ವರ್ಡ್ ಎಲ್ಲಾ ಒಂದು ಎಕ್ಸೆಲ್‌ನಲ್ಲಿ, ಆ ಎಕ್ಸೆಲ್ ಸಿಎ ಟ್ರೈನಿಂಗ್‌ಗೆ ಬಂದಿರೋ ಎಲ್ಲಾ ಆರ್ಟಿಕಲ್‌ಶಿಪ್ ಹುಡುಗ್ರ ಲ್ಯಾಪ್‌ಟಾಪಲ್ಲಿ, ಒಟಿಪಿ ಹೋಗೋದು ಎರಡು ವರ್ಷದ ಹಿಂದೆ ಕೆಲಸ ಬಿಟ್ಟೋರ ನಂಬರಿಗೆ. ಪ್ರಪಂಚದ ಯಾವ ಟೆಂಪ್ಲೇಟೂ ಈ ಡ್ರಾಯರ್ ಬಗ್ಗೆ ಮಾತಾಡಲ್ಲ. ನೀವು ಬರೆದ್ರೆ ಮೂರೇ ಸಾಲು: ಟೋಕನ್ ಬೀರುವಿನಲ್ಲಿ ಇರ್ಬೇಕು, ಬೀಗದ ಕೈ ಇಂಥವರ ಹತ್ರ, ತೆಗೆದಾಗೆಲ್ಲ ಪುಸ್ತಕದಲ್ಲಿ ಬರೀಬೇಕು; ಪಿನ್ನು ಪಾಸ್‌ವರ್ಡು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಮಾತ್ರ; ಒಟಿಪಿ ನಂಬರು ಕ್ಲೈಂಟಿನದ್ದೇ ಇಲ್ಲವೇ ಆಫೀಸಿನ ಸಿಮ್ಮು, ಸ್ಟಾಫಿನ ಸ್ವಂತ ನಂಬರ್ ಬೇಡ.

ವಾಟ್ಸಾಪ್ ಇನ್ನೊಂದು. ಟೆಂಪ್ಲೇಟ್ ಹೇಳತ್ತೆ ಖಾಸಗಿ ಮೆಸೇಜಿಂಗ್ ಆ್ಯಪ್ ನಿಷೇಧ ಅಂತ. ನಮ್ಮಲ್ಲಿ ಅದು ಒಂದು ದಿನವೂ ನಡೆಯಲ್ಲ, ಕ್ಲೈಂಟೇ ಆಧಾರ್ ಫೋಟೋ ತೆಗೆದು ವಾಟ್ಸಾಪಲ್ಲಿ ಹಾಕ್ತಾರೆ, ಬೇಡ ಅಂದ್ರೆ ಅವರು ಬೇರೆ ಆಡಿಟರ್ ನೋಡ್ಕೋತಾರೆ. ಹಾಗಾಗಿ ನಡೆಯೋ ಸಾಲು ಬರೀರಿ: ಬಂದಿದ್ದನ್ನ ಅವತ್ತೇ ಆಫೀಸ್ ಡ್ರೈವ್‌ಗೆ ಹಾಕಿ ಫೋನಿಂದ ಅಳಿಸ್ಬೇಕು, ನಾವಾಗಿ ಗ್ರೂಪಲ್ಲಿ ಯಾರ ಆಧಾರೂ ಕಳಿಸ್ಬಾರದು, ಪೂರ್ತಿ ನಂಬರ್ ಬೇಕಿಲ್ಲದ ಕಡೆ ಮೊದಲ 8 ಅಂಕಿ ಮುಚ್ಚಿರೋ ಮಾಸ್ಕ್ಡ್ ಆಧಾರ್ ಸಾಕು ಅಂತ ಕ್ಲೈಂಟ್‌ಗೇ ಹೇಳ್ಬೇಕು. ನಿಷೇಧಕ್ಕಿಂತ ಇದು ಸಡಿಲ ನಿಜ, ಆದ್ರೆ ಪಾಲಿಸಬಹುದು.

ದುಡ್ಡು ಹೋಗೋದು ಹೆಚ್ಚಾಗಿ ಹ್ಯಾಕಿಂಗಿಂದ ಅಲ್ಲ, ಒಂದು ಮೇಲಿಂದ. "ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ, ಈ ಸಲದ ಪೇಮೆಂಟ್ ಇದಕ್ಕೆ ಹಾಕಿ" ಅಂತ ವೆಂಡರ್ ಹೆಸರಲ್ಲಿ ಬರತ್ತೆ, ಲೋಗೋ ಸರಿ ಇರತ್ತೆ, ಇನ್‌ವಾಯ್ಸ್ ನಂಬರೂ ಸರಿ ಇರತ್ತೆ, ಮೇಲ್ ಐಡಿಯಲ್ಲಿ ಒಂದಕ್ಷರ ಮಾತ್ರ ಹೆಚ್ಚುಕಮ್ಮಿ. ಇದಕ್ಕೆ ಪಾಲಿಸಿಯಲ್ಲಿ ಒಂದೇ ಸಾಲು ಸಾಕು, ಅಕೌಂಟ್ ನಂಬರ್ ಬದಲಾವಣೆ ಬಂದ್ರೆ ನಮ್ಮ ಹತ್ರ ಮುಂಚಿಂದ ಇರೋ ಫೋನ್ ನಂಬರಿಗೆ ಫೋನ್ ಮಾಡಿ ಕೇಳದೆ ಒಂದು ರೂಪಾಯೀನೂ ಹಾಕೋ ಹಾಗಿಲ್ಲ, ಓನರ್ ಹೇಳಿದ್ರೂ ಹಾಕೋ ಹಾಗಿಲ್ಲ. ಆ ಕೊನೇ ತುಂಡು ಮುಖ್ಯ, ಯಾಕಂದ್ರೆ ಮೋಸಗಾರರು ಓನರ್ ಹೆಸರಲ್ಲೂ ಮೆಸೇಜ್ ಹಾಕ್ತಾರೆ, ಅಕೌಂಟ್ಸ್ ನೋಡೋ ಮೇಡಂಗೆ ಸಾಹೇಬ್ರ ಮಾತು ಮೀರೋ ಧೈರ್ಯ ಪಾಲಿಸಿನೇ ಕೊಡ್ಬೇಕು. ಪಕ್ಕದಲ್ಲೇ ಸೈಬರ್ ವಂಚನೆ ಸಹಾಯವಾಣಿ 1930 ಅಂತ ಬರೆದಿಡಿ, ದುಡ್ಡು ಹೋದ ತಕ್ಷಣ ಫೋನ್ ಮಾಡಿದ್ರೆ ತಡೆ ಹಿಡಿಯೋ ಅವಕಾಶ ಇರತ್ತೆ.

ತಪ್ಪು ಲಿಂಕ್ ಒತ್ತಿದೀನಿ ಅಂತ ತಕ್ಷಣ ಬಂದು ಹೇಳಿದೋರಿಗೆ ಬೈಯಲ್ಲ, ಸಂಬಳ ಹಿಡಿಯಲ್ಲ ಅಂತ ಒಂದು ಸಾಲು ಹಾಕಿ. ಮುಚ್ಚಿಟ್ರೆ ಮಾತ್ರ ಕ್ರಮ. ಇಲ್ಲಾಂದ್ರೆ 6 ಗಂಟೆಯಲ್ಲಿ ಸರ್ಟ್-ಇನ್‌ಗೆ ಹೇಳೋದಿರ್ಲಿ, 6 ದಿನ ಆದ್ರೂ ನಿಮಗೇ ಗೊತ್ತಾಗಲ್ಲ.

ಈ ದಾರಿಯ ಕೊರತೆಯನ್ನೂ ಹೇಳ್ಬೇಕು. ದೊಡ್ಡ ಕ್ಲೈಂಟ್ ಮುಂದೆ ನಿಮ್ಮ ನಾಲ್ಕು ಪುಟಕ್ಕೆ ತೂಕ ಕಡಿಮೆ. ಬರೆದೋರು ಕೆಲಸ ಬಿಟ್ರೆ ಪಾಲಿಸಿನೂ ಅನಾಥ. ಹೊರಗಿನ ಕಣ್ಣು ಬೀಳದೇ ಇರೋದ್ರಿಂದ ನಮಗೆ ಅಭ್ಯಾಸ ಆಗಿಹೋಗಿರೋ ತಪ್ಪು ನಮಗೆ ಕಾಣಲ್ಲ. ಅದಕ್ಕೆ ವರ್ಷಕ್ಕೊಂದ್ಸಲ ಗೊತ್ತಿರೋ ಯಾರನ್ನಾದ್ರೂ ಕರೆಸಿ ಅರ್ಧ ದಿನ ಕೂರಿಸ್ಕೊಳ್ಳಿ, ತಿಂಗಳಿಗಿಷ್ಟು ಅಂತ ಪಾರ್ಟ್‌ಟೈಮ್ ಸೆಕ್ಯುರಿಟಿ ಸಲಹೆ ಕೊಡೋರು ಈಗ ಬೆಂಗಳೂರಲ್ಲಿ ಬೇಕಾದಷ್ಟು ಜನ ಇದಾರೆ.

ಕನ್ಸಲ್ಟೆಂಟ್ ಹಿಡಿದು ಐಎಸ್ಒ 27001

ಇದು ಭಾರಿ ದಾರಿ. 27001 ಅನ್ನೋದು ಮಾಹಿತಿ ಭದ್ರತೆಗೆ ಅಂತಲೇ ಇರೋ ಐಎಸ್ಒ ಸ್ಟ್ಯಾಂಡರ್ಡ್. 2022ರ ಆವೃತ್ತಿಯಲ್ಲಿ ಅನುಬಂಧ ಎ ಅಡಿ 93 ಕಂಟ್ರೋಲ್‌ಗಳಿವೆ, ಹಳೇ 2013ರದ್ದರಲ್ಲಿ 114 ಇತ್ತು, ಹಳೇದರ ಸರ್ಟಿಫಿಕೇಟ್‌ಗಳ ಕಾಲ 2025ರ ಅಕ್ಟೋಬರ್ 31ಕ್ಕೆ ಮುಗೀತು. ಹಾಗಾಗಿ ಈಗ ಯಾರಾದ್ರೂ 114 ಕಂಟ್ರೋಲ್ ಲೆಕ್ಕದ ಪಾಲಿಸಿ ಸೆಟ್ ಮಾರೋಕೆ ಬಂದ್ರೆ ಕಾಫಿ ಕೊಟ್ಟು ಕಳ್ಸಿ. 93ಕ್ಕೆ 93ನ್ನೂ ಮಾಡ್ಲೇಬೇಕು ಅಂತಿಲ್ಲ, ಯಾವುದು ಅನ್ವಯ ಯಾವುದು ಇಲ್ಲ, ಯಾಕೆ ಅಂತ ಒಂದು ಹೇಳಿಕೆ ಬರೀಬೇಕು, ಆಡಿಟ್‌ನಲ್ಲಿ ಅದನ್ನೇ ಕೈಯಲ್ಲಿ ಹಿಡ್ಕೊಂಡು ಕೂರ್ತಾರೆ. ಮೊದಲ ಹಂತದಲ್ಲಿ ಕಾಗದ ಪತ್ರ ನೋಡ್ತಾರೆ, ಎರಡನೇ ಹಂತದಲ್ಲಿ ಬಂದು ನಿಜವಾಗ್ಲೂ ನಡೀತಿದೆಯಾ ನೋಡ್ತಾರೆ. ಸರ್ಟಿಫಿಕೇಟ್ ಮೂರು ವರ್ಷಕ್ಕೆ, ಮಧ್ಯೆ ಪ್ರತಿ ವರ್ಷ ಸರ್ವೇಲೆನ್ಸ್ ಆಡಿಟ್, ಅದಕ್ಕೆ ಬೇರೆ ಫೀಸು.

ಲಾಭ ದೊಡ್ಡದೇ. ಯುರೋಪಿನ ಕ್ಲೈಂಟ್ ಆಗ್ಲಿ, ಬ್ಯಾಂಕ್ ಆಗ್ಲಿ, ಸರ್ಕಾರಿ ಟೆಂಡರ್ ಆಗ್ಲಿ ಈ ಹೆಸರಿಗೆ ಬೆಲೆ ಕೊಡ್ತಾರೆ. ನಮ್ಮ ಐಟಿ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಗಳಲ್ಲೂ ಸಮಂಜಸ ಭದ್ರತೆಗೆ ಉದಾಹರಣೆ ಅಂತ ಇದೇ ಸ್ಟ್ಯಾಂಡರ್ಡ್ ಹೆಸರು ಹಾಕಿದಾರೆ. ಇನ್ನೂರು ಪ್ರಶ್ನೆಯ ಎಕ್ಸೆಲ್ ಶೀಟ್‌ಗೆ ಒಂದು ಪಿಡಿಎಫ್ ಕಳಿಸಿ ಅರ್ಧ ಕೆಲಸ ಮುಗಿಸ್ಬಹುದು.

ಆದ್ರೆ ಇಲ್ಲಿ ಮೋಸ ಹೋಗೋದು ಸುಲಭ. ಎರಡೇ ದಿನದಲ್ಲಿ ಐಎಸ್ಒ, ಕೆಲವೇ ಸಾವಿರಕ್ಕೆ ಅಂತ ಜಾಹೀರಾತು ನೋಡಿರ್ತೀರಿ. ಐಎಸ್ಒ ಸಂಸ್ಥೆ ತಾನಾಗಿ ಯಾರಿಗೂ ಸರ್ಟಿಫಿಕೇಟ್ ಕೊಡಲ್ಲ, ಕೊಡೋದು ಸರ್ಟಿಫಿಕೇಶನ್ ಬಾಡಿಗಳು, ಆ ಸಂಸ್ಥೆಗೆ ಮಾನ್ಯತೆ ಇದೆಯಾ ಅಂತ ನೋಡ್ಬೇಕು, ನಮ್ಮ ದೇಶದಲ್ಲಿ ಆ ಮಾನ್ಯತೆ ಕೊಡೋದು ಎನ್‌ಎಬಿಸಿಬಿ ಅನ್ನೋ ರಾಷ್ಟ್ರೀಯ ಮಂಡಳಿ. ಅದಿಲ್ಲದ ಕಾಗದ ಗೋಡೆಗೆ ಚೆನ್ನಾಗಿರತ್ತೆ ಅಷ್ಟೇ, ಸರ್ಟಿಫಿಕೇಟ್ ಓದೋಕೆ ಗೊತ್ತಿರೋ ಕ್ಲೈಂಟ್ ಎರಡು ನಿಮಿಷದಲ್ಲಿ ಪತ್ತೆ ಹಚ್ತಾನೆ. ಇನ್ನೊಂದು, ಪಾಲಿಸಿ ಬರೆದುಕೊಡೋ ಕನ್ಸಲ್ಟೆಂಟು ಸರ್ಟಿಫಿಕೇಟ್ ಕೊಡೋರು ಒಬ್ಬರೇ ಆಗಿರೋ ಹಾಗಿಲ್ಲ. "ಎಲ್ಲಾ ನಾವೇ ಮಾಡಿಕೊಡ್ತೀವಿ ಸಾರ್" ಅಂದ್ರೆ ಅನುಮಾನ ಪಡಿ.

ಕನ್ಸಲ್ಟೆಂಟ್‌ಗಳಲ್ಲೂ ಎರಡು ಥರ. ಒಂದು ಥರದೋರು ಲ್ಯಾಪ್‌ಟಾಪಿಂದ ಹಿಂದಿನ ಕ್ಲೈಂಟಿನ ಮೂವತ್ತು ಡಾಕ್ಯುಮೆಂಟ್ ತೆಗೆದು ಹೆಸರು ಬದಲಾಯಿಸಿ ಕೊಡ್ತಾರೆ, ಅಂದ್ರೆ ನೀವು ಫ್ರೀ ಟೆಂಪ್ಲೇಟ್‌ಗೆ ಲಕ್ಷ ಕೊಟ್ಟ ಹಾಗೆ. ಇನ್ನೊಂದು ಥರದೋರು ಮೊದಲ ವಾರ ಏನೂ ಬರೆಯಲ್ಲ, ಬರೀ ಓಡಾಡ್ತಾರೆ, ಪ್ರಶ್ನೆ ಕೇಳ್ತಾರೆ, ಸರ್ವರ್ ರೂಮಿನ ಬಾಗಿಲು ತಳ್ಳಿ ನೋಡ್ತಾರೆ. ಎರಡನೇಯೋರನ್ನ ಹಿಡೀರಿ. ಗುರುತಿಸೋದು ಹೇಗೆ ಅಂದ್ರೆ ಕೊಟೇಶನ್ ಕೊಡೋಕೆ ಮುಂಚೆ ನಿಮ್ಮ ಸ್ಕೋಪ್ ಏನು ಅಂತ ಕೇಳ್ತಾರಾ ನೋಡಿ. ಸ್ಕೋಪ್ ಅಂದ್ರೆ ಯಾವ ಆಫೀಸು, ಯಾವ ಕೆಲಸ ಸರ್ಟಿಫಿಕೇಟ್ ಅಡಿ ಬರತ್ತೆ ಅನ್ನೋದು. ನಾಲ್ಕು ಬ್ರಾಂಚ್ ಇದ್ರೂ ಕ್ಲೈಂಟ್ ಡೇಟಾ ಮುಟ್ಟೋದು ಒಂದೇ ಬ್ರಾಂಚ್ ಆದ್ರೆ ಅದೊಂದನ್ನೇ ಸ್ಕೋಪ್ ಮಾಡಿ ಖರ್ಚು ಇಳಿಸ್ಬಹುದು, ಇದರಲ್ಲಿ ಕಳ್ಳತನ ಏನಿಲ್ಲ. ನೀವೂ ಬೇರೆಯೋರ ಸರ್ಟಿಫಿಕೇಟ್ ನೋಡುವಾಗ ಲೋಗೋ ಬಿಟ್ಟು ಸ್ಕೋಪ್ ಸಾಲು ಓದಿ.

ಅಮೆರಿಕದ ಸಾಫ್ಟ್‌ವೇರ್ ಕ್ಲೈಂಟ್ ಆದ್ರೆ ಅವರು ಐಎಸ್ಒಗಿಂತ ಸಾಕ್ 2 ಕೇಳೋದು ಹೆಚ್ಚು. ಅದು ಸರ್ಟಿಫಿಕೇಟ್ ಅಲ್ಲ, ಸಿಪಿಎ ಫರ್ಮ್ (ಅಮೆರಿಕದ ಲೆಕ್ಕಪರಿಶೋಧಕರ ಸಂಸ್ಥೆ) ನಿಮ್ಮ ಡೇಟಾ ಭದ್ರತೆ ನೋಡಿ ಕೊಡೋ ರಿಪೋರ್ಟ್. ಟೈಪ್ 1 ಅಂದ್ರೆ ಒಂದು ದಿನದ ಮಟ್ಟಿಗೆ ವ್ಯವಸ್ಥೆ ಸರಿ ಇದೆ ಅಂತ, ಟೈಪ್ 2 ಅಂದ್ರೆ ಕೆಲವು ತಿಂಗಳ ಅವಧಿ ಪೂರ್ತಿ ನಡೆಸಿ ತೋರ್ಸಿದೀರಿ ಅಂತ. ಕ್ಲೈಂಟ್‌ಗೆ ಯಾವುದು ಬೇಕು ಅಂತ ಬರಹದಲ್ಲಿ ಕೇಳಿ ತಿಳ್ಕೊಂಡು ಮುಂದುವರೀರಿ, ಇಲ್ಲಾಂದ್ರೆ ಟೈಪ್ 1 ಮಾಡಿಸಿ ದುಡ್ಡು ಕೊಟ್ಟಾದ್ಮೇಲೆ ಟೈಪ್ 2 ಬೇಕಿತ್ತು ಅಂತಾರೆ.

ಕಂಪ್ಲಯನ್ಸ್ ಸಾಫ್ಟ್‌ವೇರ್

ವಾಂಟಾ, ಡ್ರಾಟಾ ಅಮೆರಿಕದವು, ಸ್ಪ್ರಿಂಟೋ ಥರದ್ದು ನಮ್ಮ ಬೆಂಗಳೂರಲ್ಲೇ ಬೆಳೆದಿದ್ದು. ಕೆಲಸ ಏನಂದ್ರೆ ನಿಮ್ಮ ಎಡಬ್ಲ್ಯೂಎಸ್, ಗೂಗಲ್ ವರ್ಕ್‌ಸ್ಪೇಸ್, ಗಿಟ್‌ಹಬ್ ಥರದ ಕ್ಲೌಡ್ ಸೇವೆ ಎಲ್ಲಕ್ಕೂ ಕನೆಕ್ಟ್ ಆಗಿ ಯಾರಿಗೆ ಎರಡು ಹಂತದ ಲಾಗಿನ್ ಇಲ್ಲ, ಯಾರ ಲ್ಯಾಪ್‌ಟಾಪಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ಲ, ಕೆಲಸ ಬಿಟ್ಟೋರ ಅಕೌಂಟ್ ಇನ್ನೂ ಇದೆಯಾ ಅಂತ ತಾನಾಗೇ ನೋಡ್ತಾ ಇರತ್ತೆ, ಪಾಲಿಸಿ ಟೆಂಪ್ಲೇಟೂ ಒಳಗೇ ಇರತ್ತೆ, ಸ್ಟಾಫ್ ಓದಿ ಒಪ್ಪಿಗೆ ಕೊಟ್ಟ ದಾಖಲೆಯೂ ಉಳಿಯತ್ತೆ. ಪುರಾವೆ ಕೂಡಿಡೋದು ಐಎಸ್ಒ, ಸಾಕ್ 2 ಎರಡರಲ್ಲೂ ಜೀವ ತಿನ್ನೋ ಕೆಲಸ, ಸ್ಕ್ರೀನ್‌ಶಾಟ್ ತೆಗೆದು ತೆಗೆದು ಕೈ ಸೋತು ಹೋಗತ್ತೆ, ಅಲ್ಲಿ ಇದು ನಿಜವಾಗ್ಲೂ ಉಪಕಾರಿ.

ಷರತ್ತು ಒಂದೇ, ನಿಮ್ಮ ಕೆಲಸ ಎಲ್ಲಾ ಕ್ಲೌಡಲ್ಲಿ ಇರ್ಬೇಕು. ಟೇಬಲ್ ಕೆಳಗೆ ಇರೋ ಸರ್ವರಲ್ಲಿ ಟ್ಯಾಲಿ, ಸಿಎನ್‌ಸಿ ಮಷೀನ್ ಪಕ್ಕ ಹಳೇ ವಿಂಡೋಸ್ ಪಿಸಿ, ಪ್ರೋಗ್ರಾಮ್ ಹಾಕೋಕೆ ಪೆನ್‌ಡ್ರೈವ್, ಇಂಥ ಫ್ಯಾಕ್ಟರಿಗೆ ಈ ಸಾಫ್ಟ್‌ವೇರ್ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು ತೋರಿಸ್ಬಹುದು, ಯಾಕಂದ್ರೆ ಅಪಾಯ ಇರೋ ಕಡೆ ಅದು ನೋಡೋದೇ ಇಲ್ಲ. ಜೊತೆಗೆ ಇದು ವರ್ಷ ವರ್ಷ ಕಟ್ಟೋ ಸಬ್‌ಸ್ಕ್ರಿಪ್ಷನ್ನು, ಆಡಿಟರ್ ಫೀಸು ಬೇರೆ. ಬಿಟ್ಟು ಹೋಗೋದಾದ್ರೆ ಹಳೇ ಪುರಾವೆ ಎಲ್ಲಾ ಯಾವ ರೂಪದಲ್ಲಿ ಕೊಡ್ತೀರಿ ಅಂತ ಸೈನ್ ಮಾಡೋಕೆ ಮುಂಚೆನೇ ಕೇಳಿ.

ಎಲ್ಲರೂ ಜಗಳ ಆಡೋ ಎರಡು ವಿಷಯ

ಪಾಸ್‌ವರ್ಡ್ 90 ದಿನಕ್ಕೊಮ್ಮೆ ಬದಲಾಯಿಸ್ಬೇಕಾ? ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಸುಮ್‌ಸುಮ್ನೆ ಬದಲಾಯಿಸೋದು ಬೇಡ ಅಂತ ಹೇಳ್ತು, ಸೋರಿದೆ ಅಂತ ಗೊತ್ತಾದಾಗ ಮಾತ್ರ ಬದಲಾಯಿಸಿ ಅಂತ. 2025ರ ಪರಿಷ್ಕರಣೆಯಲ್ಲಿ ಪಾಸ್‌ವರ್ಡ್ ಒಂದೇ ಇದ್ರೆ ಕನಿಷ್ಠ 15 ಅಕ್ಷರ ಅಂತಾರೆ. ಕಾರಣ ನಮಗೆಲ್ಲ ಗೊತ್ತಿರೋದೇ, ಬದಲಾಯಿಸಿ ಅಂದ್ರೆ ಜನ ಕೊನೇಲಿರೋ 1ನ್ನ 2 ಮಾಡ್ತಾರೆ, ಮಾನಿಟರ್ ಮೇಲೆ ಚೀಟಿ ಅಂಟಿಸ್ತಾರೆ. ಉದ್ದನೇ ಪಾಸ್‌ವರ್ಡು ಜೊತೆಗೆ ಎರಡನೇ ಹಂತದ ಲಾಗಿನ್, ಇದೇ ನನ್ನ ಆಯ್ಕೆ. ಆದ್ರೆ ಕೆಲವು ಕ್ಲೈಂಟ್‌ಗಳು ಕರಾರಲ್ಲೇ 90 ದಿನ ಅಂತ ಬರೆದಿರ್ತಾರೆ, ಅಂಥ ಕಡೆ ವಾದ ಮಾಡಿ ಪ್ರಯೋಜನ ಇಲ್ಲ, ಆ ಕ್ಲೈಂಟಿನ ಕೆಲಸ ಮಾಡೋ ಸಿಸ್ಟಮ್‌ಗಳಿಗಷ್ಟೇ ಆ ನಿಯಮ ಹಾಕಿ, ಉಳಿದೋರನ್ನ ಬಿಟ್ಬಿಡಿ.

ಇನ್ನೊಂದು ಸ್ವಂತ ಲ್ಯಾಪ್‌ಟಾಪಾ ಕಂಪನಿಯದ್ದಾ. ಸ್ವಂತದ್ದು ತರೋಕೆ ಬಿಟ್ರೆ ದುಡ್ಡು ಉಳಿಯತ್ತೆ, ಆದ್ರೆ ಕೆಲಸ ಬಿಟ್ಟ ದಿನ ಆ ಲ್ಯಾಪ್‌ಟಾಪಲ್ಲಿರೋ ಫೈಲ್ ಅಳಿಸೋ ಹಕ್ಕು ನಿಮಗೆ ಇರಲ್ಲ, ಮುಂಚೆನೇ ಬರೆಸ್ಕೊಂಡಿರದಿದ್ರೆ. ಕಂಪನಿಯದ್ದು ಕೊಡೋದಾದ್ರೆ ಕೊಳ್ಳುವಾಗ ಒಂದು ಸಣ್ಣ ವಿಷಯ ನೋಡ್ಕೊಳ್ಳಿ: ಅಂಗಡಿಯಲ್ಲಿ ಆಫರ್‌ಗೆ ಸಿಗೋ ಲ್ಯಾಪ್‌ಟಾಪಲ್ಲಿ ಸಾಮಾನ್ಯ ಇರೋದು ವಿಂಡೋಸ್ ಹೋಮ್, ಅದರಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡೋ ಬಿಟ್‌ಲಾಕರ್ ಪೂರ್ತಿ ಇರಲ್ಲ, ಪ್ರೋ ಬೇಕು. "ಎಲ್ಲಾ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಆನ್ ಇರುತ್ತದೆ" ಅಂತ ಪಾಲಿಸಿ ಬರೆದು ಇಪ್ಪತ್ತು ಹೋಮ್ ಲ್ಯಾಪ್‌ಟಾಪ್ ತಂದಿಟ್ಟ ಆಫೀಸುಗಳಿವೆ. ಹಾಗೇ ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಮಷೀನ್ ಜೊತೆ ಬಂದಿರೋ ಹಳೇ ಪಿಸಿ ಬದಲಾಯಿಸೋಕೆ ಆಗಲ್ಲ ಅಂದ್ರೆ ಅದನ್ನ ಇಂಟರ್ನೆಟ್ಟಿಂದ ಬೇರ್ಪಡಿಸಿ, ಪಾಲಿಸಿಯಲ್ಲಿ ವಿನಾಯಿತಿ ಅಂತ ಹೆಸರು ಹೇಳಿ ಬರೀರಿ. ವಿನಾಯಿತಿ ಬರೆಯೋದು ನಾಚಿಕೆ ವಿಷಯ ಅಲ್ಲ, ಆಡಿಟರ್‌ಗಳು ಅದನ್ನ ಮೆಚ್ಚೇ ಮೆಚ್ತಾರೆ.

ಹಾಗಾದ್ರೆ ಯಾರಿಗೆ ಯಾವುದು

ಹತ್ತು ಹದಿನೈದು ಜನರ ಆಡಿಟರ್, ವಕೀಲರ ಆಫೀಸು, ಕ್ಲಿನಿಕ್ಕು: ನೀವೇ ಬರೀರಿ, ಸರ್ಟ್-ಇನ್ ಪಟ್ಟಿ ಪಕ್ಕದಲ್ಲಿ ಇಟ್ಕೊಂಡು. ಪಾಲಿಸಿಗೆ ದುಡ್ಡು ಹಾಕ್ಬೇಡಿ, ಅದೇ ದುಡ್ಡಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ತಗೊಳ್ಳಿ, ಎರಡು ಹಾರ್ಡ್‌ಡಿಸ್ಕ್ ತಗೊಂಡು ಬ್ಯಾಕಪ್ ಮಾಡಿ ಒಂದನ್ನ ಯಾವಾಗ್ಲೂ ಕೇಬಲ್ ಕಿತ್ತು ಇಡಿ, ಯಾಕಂದ್ರೆ ಚುಚ್ಚಿರೋ ಡಿಸ್ಕನ್ನೂ ರ‍್ಯಾನ್ಸಮ್‌ವೇರ್ ಬಿಡಲ್ಲ. ನರ್ಸಿಂಗ್ ಹೋಮ್ ಸ್ವಲ್ಪ ದೊಡ್ಡದಾದ್ರೆ ಇದರ ಜೊತೆ ಡಿಪಿಡಿಪಿ ಗೊತ್ತಿರೋ ವಕೀಲರ ಹತ್ರ ಒಂದ್ಸಲ ಓದಿಸಿ.

ಪೀಣ್ಯದ ಫ್ಯಾಕ್ಟರಿ, ದೊಡ್ಡ ಕಂಪನಿಗೆ ಪಾರ್ಟ್ಸ್ ಕೊಡೋರು: ಈಗ ಸ್ವಂತದ್ದು ಬರೀರಿ, ಕಸ್ಟಮರ್ ಮುಂದೆ ಯಾವ ಸ್ಟ್ಯಾಂಡರ್ಡ್ ಕೇಳಬಹುದು ಅಂತ ಅವರ ಪರ್ಚೇಸ್‌ನವರನ್ನೇ ಕೇಳಿ. ವಾಹನ ಉದ್ಯಮದಲ್ಲಿ, ಅದರಲ್ಲೂ ಜರ್ಮನ್ ಕಸ್ಟಮರ್ ಇದ್ರೆ ಟಿಸ್ಯಾಕ್ಸ್ (ಆ ಉದ್ಯಮದ್ದೇ ಮಾಹಿತಿ ಭದ್ರತೆ ಪರಿಶೀಲನೆ) ಕೇಳೋದೂ ಉಂಟು, ಗೊತ್ತಿಲ್ದೆ ಐಎಸ್ಒಗೆ ದುಡ್ಡು ಸುರಿದ್ರೆ ಎರಡೆರಡು ಖರ್ಚು. ಸಾಫ್ಟ್‌ವೇರ್ ಬೇಡ.

ಕ್ಲೌಡಲ್ಲೇ ಕೆಲಸ ಮಾಡೋ, ವಿದೇಶಿ ಕ್ಲೈಂಟ್ ಇರೋ ಮೂವತ್ತರಿಂದ ನೂರು ಜನದ ಸಾಫ್ಟ್‌ವೇರ್ ಕಂಪನಿ: ಕಂಪ್ಲಯನ್ಸ್ ಸಾಫ್ಟ್‌ವೇರು ಜೊತೆಗೆ ಸಾಕ್ 2 ಅಥವಾ ಐಎಸ್ಒ, ಆದ್ರೆ ಒಳಗಿನ ಟೆಂಪ್ಲೇಟನ್ನ ಹಾಗೇ ಒಪ್ಕೋಬೇಡಿ, ಮೇಲೆ ಹೇಳಿದ ಹೆಸರು ಬರೆಯೋ ಪರೀಕ್ಷೆ ಅದಕ್ಕೂ ಮಾಡಿ. ಡೀಲ್ ಇನ್ನೂ ಬಂದಿಲ್ಲ, ಬಂದ್ರೂ ಬರಬಹುದು ಅನ್ನೋ ಸ್ಥಿತಿ ಆದ್ರೆ ಕಾಯಿರಿ, ಐಜಿ1 ಮೇಲೆ ಸ್ವಂತ ಪಾಲಿಸಿ ನಡೆಸ್ತಾ ಇದ್ರೆ ಆಮೇಲೆ ಐಎಸ್ಒಗೆ ಹೋಗುವಾಗ ಅದರಲ್ಲಿ ಹೆಚ್ಚುಕಡಿಮೆ ಎಲ್ಲಾ ಉಪಯೋಗಕ್ಕೆ ಬರತ್ತೆ.

ಟೆಂಡರ್‌ಗೆ ಸರ್ಟಿಫಿಕೇಟ್ ಕಡ್ಡಾಯ ಅಂದ್ರೆ ಯೋಚನೆ ಮಾಡೋಕೇನಿಲ್ಲ, ಐಎಸ್ಒ. ಟೆಂಡರ್ ಕೊನೇ ದಿನಾಂಕದಿಂದ ಹಿಂದಕ್ಕೆ ಲೆಕ್ಕ ಹಾಕಿ, ಎರಡನೇ ಹಂತದ ಆಡಿಟ್‌ಗೆ ಕೆಲವು ತಿಂಗಳ ದಾಖಲೆಯಾದ್ರೂ ತೋರಿಸೋಕೆ ಇರ್ಬೇಕಾಗತ್ತೆ. ಮೂರು ಕಡೆ ಕೊಟೇಶನ್ ತಗೊಳ್ಳಿ, ಮೂರರಲ್ಲೂ ಕನ್ಸಲ್ಟೆಂಟ್ ಫೀಸು, ಸರ್ಟಿಫಿಕೇಶನ್ ಬಾಡಿ ಫೀಸು, ಎರಡು ವರ್ಷದ ಸರ್ವೇಲೆನ್ಸ್ ಫೀಸು ಬೇರೆ ಬೇರೆ ಸಾಲಲ್ಲಿ ಬರೆದು ಕೊಡೋಕೆ ಹೇಳಿ. ಒಟ್ಟಿಗೆ ಒಂದೇ ಮೊತ್ತ ಬರೆದು ಕಳಿಸಿದೋರದ್ದನ್ನ ವಾಪಸ್ ಕಳಿಸಿ ಬಿಡಿಸಿ ಕೊಡಿ ಅನ್ನಿ.